ಮುಸುಕಿನ ಜೋಳದ ಹಸಿವು ಮತ್ತು ಯೂರಿಯಾ ಮೂಟೆ

2025ರ ಮುಂಗಾರಿನಲ್ಲಿ ಕರ್ನಾಟಕದ ಸೊಸೈಟಿಗಳ ಮುಂದೆ ಯೂರಿಯಾಕ್ಕಾಗಿ ಸಾಲು ನಿಂತದ್ದನ್ನು ಓದುಗರು ಮರೆತಿರಲಾರರು. ಮಳೆ ಬೇಗ ಬಂದಿತು, ಮುಸುಕಿನ ಜೋಳದ ಬಿತ್ತನೆ ಹೆಚ್ಚಾಯಿತು, ಬರಬೇಕಾದ ಪಾಲು ಬರಲಿಲ್ಲ ಎಂದು ರಾಜ್ಯ ಸರಕಾರ ದೂರಿತು. ಕೊಡಬೇಕಾದುದನ್ನು ಕೊಟ್ಟಿದ್ದೇವೆ ಎಂದು ಕೇಂದ್ರ ಉತ್ತರಿಸಿತು. ಮೂಟೆ ಬಂದಿತೋ ಇಲ್ಲವೋ ಎಂಬ ಈ ಜಗಳದ ನಡುವೆ, ಬಂದ ಮೂಟೆಯಲ್ಲಿ ಎಷ್ಟು ಪಾಲು ಬೆಳೆಯ ಹೊಟ್ಟೆ ಸೇರುತ್ತದೆ ಎಂಬ ಪ್ರಶ್ನೆ ಕೇಳಿಬರಲೇ ಇಲ್ಲ.

ಉತ್ತರ ಸಮಾಧಾನ ತರುವಂಥದ್ದಲ್ಲ. ಜಗತ್ತಿನ ಧಾನ್ಯ ಬೆಳೆಗಳ ಲೆಕ್ಕವನ್ನು ಒಟ್ಟಾಗಿ ತೆಗೆದು 1999ರಲ್ಲಿ ಅಮೆರಿಕದ ರಾನ್ ಮತ್ತು ಜಾನ್ಸನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಅಂದಾಜಿನಂತೆ, ಹಾಕಿದ ಸಾರಜನಕದಲ್ಲಿ ಕಾಳಿನ ರೂಪದಲ್ಲಿ ಮರಳಿ ಸಿಗುವುದು ಶೇಕಡಾ 33 ಮಾತ್ರ. ಉಳಿದುದರಲ್ಲಿ ಸ್ವಲ್ಪ ಮಣ್ಣಿನಲ್ಲಿ ಮತ್ತು ದಂಟಿನಲ್ಲಿ ನಿಲ್ಲುತ್ತದೆ. ಸ್ವಲ್ಪ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ, ಸ್ವಲ್ಪ ನೈಟ್ರೇಟ್ ಆಗಿ ಬಾವಿ, ಹಳ್ಳ, ಹೊಳೆಗಳಿಗೆ ಇಳಿಯುತ್ತದೆ. ಇನ್ನು ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚಿನ ಬಿಸಿಯನ್ನು ಭೂಮಿಗೆ ಕಟ್ಟಿಕೊಡುತ್ತದೆ.

ಬೆಟ್ಟದ ಜನರ ಪತ್ರಿಕೆಯಲ್ಲಿ ಬಯಲಿನ ಜೋಳದ ಮಾತೇಕೆ ಎಂದು ಕೇಳುವವರಿಗೆ ನದಿಯನ್ನು ತೋರಿಸಬೇಕು. ವಯನಾಡಿನ ಬೆಟ್ಟಗಳಲ್ಲಿ ಹುಟ್ಟುವ ಕಪಿಲೆಯು ಬೀಚನಹಳ್ಳಿಯ ಕಟ್ಟೆಯನ್ನು ದಾಟಿ ನಂಜನಗೂಡಿಗೆ ಬರುತ್ತಾಳೆ. ಗುಂಡ್ಲುಪೇಟೆಯ ಬೆಟ್ಟಗಳಿಂದಿಳಿಯುವ ಗುಂಡ್ಲುಹೊಳೆಯೂ ಅಲ್ಲಿಯೇ ಅವಳನ್ನು ಸೇರುತ್ತದೆ. ಬಳಿಕ ಸುತ್ತೂರಿನ ದಡವನ್ನು ಸವರಿ ತಿರುಮಕೂಡಲಿನಲ್ಲಿ ಕಾವೇರಿಯೊಡನೆ ಕೂಡುತ್ತಾಳೆ. ಮೇಲಿನ ಕಾಡನ್ನು ಉಳಿಸಿಕೊಂಡರೆ ನದಿ ಉಳಿಯುತ್ತದೆ ಎಂದು ನಾವು ಇಷ್ಟು ವರ್ಷ ಹೇಳುತ್ತ ಬಂದೆವು. ಅದು ಅರ್ಧ ಸತ್ಯ. ನೀರಿನ ಪ್ರಮಾಣವನ್ನು ಕಾಡು ನಿರ್ಧರಿಸಿದರೆ ಅದರ ಗುಣವನ್ನು ಹೊಲ ನಿರ್ಧರಿಸುತ್ತದೆ. ಮೈಸೂರು–ನಂಜನಗೂಡು ಹಾದಿಯ ತಾಂಡ್ಯ ಕೈಗಾರಿಕಾ ಪ್ರದೇಶದ ಹೆಸರೆತ್ತಿದರೆ ಕೊಳವೆ, ಚಿಮಣಿಗಳ ಕಡೆಗೆ ಎಲ್ಲರ ಕಣ್ಣು ಹೋಗುತ್ತದೆ, ಹೋಗಲಿ, ಹೋಗಬೇಕು. ಆದರೆ ಕಾರ್ಖಾನೆಯ ಕೊಳವೆಯನ್ನು ಬೆರಳಿಟ್ಟು ತೋರಿಸಬಹುದು. ಸಾವಿರಾರು ಹೊಲಗಳಿಂದ ಒಂದೊಂದು ಮಳೆಗೂ ಜಿನುಗುವ ನೈಟ್ರೇಟಿಗೆ ಕೊಳವೆಯೂ ಇಲ್ಲ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಮೊದಲ ಅಪಾಯ ಬಾಟಲಿ ಹಾಲು ಕುಡಿಯುವ ಎಳೆಯ ಕೂಸುಗಳಿಗೆ. ಅವುಗಳ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇದೆ. ಜೋಳ ಬಯಲಿನಲ್ಲೇ ನಿಂತಿಲ್ಲ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದ ಕಾಡಂಚಿನ ಊರುಗಳಲ್ಲಿಯೂ ಇಂದು ಹೊಲಕ್ಕೆ ಹೊಲವೇ ಮುಸುಕಿನ ಜೋಳ. ಕೋಳಿಗೂ ಹಸುವಿಗೂ ಆಹಾರ ಮಾಡುವ ಕಾರ್ಖಾನೆಗಳು ಕೊಳ್ಳುತ್ತವೆ, ಈಚೆಗೆ ಎಥೆನಾಲ್ ಕಾರ್ಖಾನೆಗಳೂ ಕೊಳ್ಳುತ್ತವೆ. ಬೆಳೆಯುವವನನ್ನು ದೂರುವುದು ಸುಲಭ; ಆದರೆ ಮೂರು ತಿಂಗಳು ಕಳೆದು ಸ್ವಲ್ಪ ದಿನಕ್ಕೆ ಕೈಗೆ ಕಾಸು ಕೊಡುವ ಬೇರೆ ಯಾವ ಒಣಬೇಸಾಯದ ಬೆಳೆಯನ್ನು ನಾವು ಅವನಿಗೆ ತೋರಿಸಿದ್ದೇವೆ? ಜೋಳವನ್ನು ಬೆಳೆಯುವುದಾದರೆ ಅದರ ಸಾರಜನಕದ ಸೋರಿಕೆಯನ್ನು ತಡೆಯುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಮಳೆಯಾಶ್ರಿತ ಮುಸುಕಿನ ಜೋಳಕ್ಕೆ ಹೆಕ್ಟೇರಿಗೆ 100 ಕಿಲೋ, ನೀರಾವರಿಗೆ 150 ಕಿಲೋ ಸಾರಜನಕವೆಂಬುದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಮಳೆಯಾಶ್ರಿತದ ಲೆಕ್ಕವನ್ನು ಎಕರೆಗೆ ಇಳಿಸಿದರೆ 40 ಕಿಲೋ. ಬಿತ್ತುವಾಗ ಹಾಕುವ ಡಿಎಪಿಯಲ್ಲಿ ಎಂಟೊಂಬತ್ತು ಕಿಲೋ ಬಂದುಹೋಗುತ್ತದೆ. ಉಳಿದುದಕ್ಕೆ 45 ಕಿಲೋ ತೂಕದ ಯೂರಿಯಾ ಮೂಟೆ ಒಂದೂವರೆ ಸಾಕು. ಸಾಕು ಎನ್ನುವುದು ಕಾಗದದ ಮಾತು. ಹೊಲದಲ್ಲಿ ಎಕರೆಗೆ ಎರಡು, ಮೂರು ಮೂಟೆ ಸುರಿಯುವವರು ಯಾವ ಊರಿನಲ್ಲಿ ಇಲ್ಲ? ಎಲೆ ಬೆಳ್ಳಗಾಯಿತು, ಹಾಕು ಯೂರಿಯಾ; ಪಕ್ಕದವನ ಪೈರು ಕಪ್ಪಗಿದೆ, ಹಾಕು ಇನ್ನೊಂದು ಮೂಟೆ.

ಈ ಬೆಳ್ಳಗಾಗುವಿಕೆಯಲ್ಲಿಯೇ ತಪ್ಪು ಲೆಕ್ಕ ಆರಂಭವಾಗುತ್ತದೆ. ಸಾರಜನಕದ ಕೊರತೆ ಕಾಣಿಸಿಕೊಳ್ಳುವುದು ಗಿಡದ ಕೆಳಗಿನ ಹಳೆಯ ಎಲೆಗಳಲ್ಲಿ; ತುದಿಯಿಂದ ನಡುನರದ ಗುಂಟ ಹಳದಿ ಒಳಕ್ಕೆ ನುಗ್ಗುತ್ತದೆ. ಸತುವಿನ ಕೊರತೆ ಹಾಗಲ್ಲ. ಮೊಳೆತ ಎರಡು ವಾರಗಳೊಳಗೆ ಸುಳಿಯ ಎಳೆಯ ಎಲೆಗಳು ಬಿಳಿಚುತ್ತವೆ, ಎಲೆಯ ಬುಡದ ಭಾಗದಲ್ಲಿ ನಡುನರದ ಎರಡೂ ಬದಿಗೆ ಬೆಳ್ಳನೆಯ ಪಟ್ಟೆ ಮೂಡುತ್ತದೆ, ಗೆಣ್ಣುಗಳ ನಡುವಣ ಅಂತರ ಕುಗ್ಗಿ ಗಿಡ ಗಿಡ್ಡವಾಗುತ್ತದೆ. ಇದನ್ನು ಬಿಳಿ ಸುಳಿ ಎನ್ನುತ್ತಾರೆ. ದೂರದಿಂದ ನೋಡಿದವನಿಗೆ ಎರಡೂ ಒಂದೇ, ಹೊಲ ಬೆಳ್ಳಗಿದೆ, ಅಷ್ಟೇ. ಬಿಳಿ ಸುಳಿಯ ಹೊಲಕ್ಕೆ ಯೂರಿಯಾ ಸುರಿದರೆ ಗಿಡ ಒಂದಿಷ್ಟು ಮೈಬಿಡುತ್ತದೆ, ಇದ್ದ ಅಲ್ಪ ಸತು ಆ ದೊಡ್ಡ ಮೈಯಲ್ಲಿ ಮತ್ತಷ್ಟು ತೆಳುವಾಗುತ್ತದೆ. ಅಡಿಗೊಬ್ಬರವಾಗಿ ಡಿಎಪಿಯನ್ನು ಅತಿಯಾಗಿ ಹಾಕಿದ್ದರಂತೂ ಅದರ ರಂಜಕ ಗಿಡಕ್ಕೆ ಸತು ಸಿಗದಂತೆ ಮಾಡುತ್ತದೆ. ಅಂದರೆ ರೋಗಕ್ಕೆ ಕೊಟ್ಟ ಮದ್ದೇ ರೋಗವನ್ನು ಸಾಕುತ್ತದೆ.

ಸತುವಿಗೂ ಸಾರಜನಕಕ್ಕೂ ಇರುವ ನಂಟನ್ನು ವಿದ್ಯಾರ್ಥಿಗಳು ಸ್ವಲ್ಪ ಬಿಡಿಸಿ ನೋಡಬೇಕು. ಬೇರು ಹೀರಿದ ನೈಟ್ರೇಟ್ ಹಾಗೆಯೇ ಕಾಳಾಗುವುದಿಲ್ಲ. ಮೊದಲು ಅದು ಅಮೋನಿಯಾ ಆಗಬೇಕು; ಆ ಕೆಲಸದ ಮೊದಲ ಹಂತವನ್ನು ಮಾಡುವ ಕಿಣ್ವದ ಒಳಗೆ ಮಾಲಿಬ್ಡಿನಮ್ ಮತ್ತು ಕಬ್ಬಿಣ ಕುಳಿತಿರಬೇಕು. ಅಮೋನಿಯಾ ಅಮೈನೋ ಆಮ್ಲವಾಗಬೇಕು, ಅಮೈನೋ ಆಮ್ಲಗಳು ಪೋಣಿಸಿಕೊಂಡು ಪ್ರೋಟೀನ್ ಆಗಬೇಕು. ಈ ಪೋಣಿಸುವ ಯಂತ್ರಕ್ಕೆ ಸತು ಬೇಕು. ಸತುವಿಲ್ಲದ ಗಿಡದಲ್ಲಿ ಅಮೈನೋ ಆಮ್ಲಗಳು ರಾಶಿ ಬಿದ್ದಿರುತ್ತವೆ, ಪ್ರೋಟೀನ್ ಮಾತ್ರ ಕಡಿಮೆ. ಇಟ್ಟಿಗೆ ಬಂದು ಬಿದ್ದಿದೆ, ಗಾರೆಯವನು ಬಂದಿಲ್ಲ. ಮನೆ ಏಳದ ಜಾಗಕ್ಕೆ ಇನ್ನೊಂದು ಲಾರಿ ಇಟ್ಟಿಗೆ ತರಿಸಿ ಏನು ಫಲ? ಇತ್ತ ಕೆಲಸ ನಿಂತ ಗಿಡದ ಬೇರು ಮಣ್ಣಿನಲ್ಲಿರುವ ನೈಟ್ರೇಟನ್ನು ಬಿಟ್ಟುಬಿಡುತ್ತದೆ, ಮುಂದಿನ ಜೋರು ಮಳೆ ಅದನ್ನು ಕೆಳಕ್ಕೆ ಒಯ್ಯುತ್ತದೆ.

ಬೋರಾನಿನ ಕಥೆ ಬೇರೆ, ಫಲ ಒಂದೇ. ಗಂಡು ಹೂವಿನ ಪರಾಗ ತೆನೆಯ ರೇಷ್ಮೆಯೆಳೆಯ ಮೇಲೆ ಬಿದ್ದು, ಅದರ ನಳಿಕೆ ಆ ಎಳೆಯುದ್ದಕ್ಕೂ ಬೆಳೆದು ಕಾಳಿನ ಗೂಡನ್ನು ಮುಟ್ಟಬೇಕು. ಬೋರಾನ್ ಸಾಲದಿದ್ದರೆ ಆ ನಳಿಕೆ ನಡುದಾರಿಯಲ್ಲಿ ನಿಲ್ಲುತ್ತದೆ. ಮುಸುಕು ಸುಲಿದರೆ ಬೋಳು ಬೋಳು ದಿಂಡು. ಕಾಳು ಕಟ್ಟದ ತೆನೆಗೆ ಸಾರಜನಕವನ್ನು ಇಡಲು ಜಾಗವೆಲ್ಲಿದೆ? ದಂಟು ಹಸುರಾಗಿಯೇ ಉಳಿಯುತ್ತದೆ, ರೈತನ ಚೀಲ ತುಂಬುವುದಿಲ್ಲ.

ಪ್ರಮಾಣವನ್ನು ಗಮನಿಸಿದರೆ ಆಶ್ಚರ್ಯವಾಗುತ್ತದೆ. ಒಂದು ಕ್ವಿಂಟಲ್ ಜೋಳದ ಕಾಳಿನಲ್ಲಿ ಸುಮಾರು ಒಂದೂವರೆ ಕಿಲೋ ಸಾರಜನಕವಿರುತ್ತದೆ, ಸತು ಎರಡು ಗ್ರಾಮಿನ ಆಸುಪಾಸು. ಎಕರೆಗೆ 25 ಕ್ವಿಂಟಲ್ ಬೆಳೆದವನ ಕಾಳಿನಲ್ಲಿ ಹೊಲದಿಂದ ಹೊರಗೆ ಹೋಗುವ ಸತು ಒಂದು ಹಿಡಿಯೂ ಅಲ್ಲ, ಐವತ್ತು ಅರವತ್ತು ಗ್ರಾಂ. ಇಷ್ಟರ ಅಭಾವಕ್ಕೆ ಹತ್ತಾರು ಕಿಲೋ ಸಾರಜನಕ ದಂಡವಾಗುತ್ತದೆ. ಜರ್ಮನಿಯ ಸ್ಪ್ರೆಂಗೆಲ್ ಮತ್ತು ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿ ಹೇಳಿದ್ದು ಇದನ್ನೇ: ಎಲ್ಲಕ್ಕಿಂತ ಕಡಿಮೆ ಇರುವ ಪೋಷಕಾಂಶವೇ ಬೆಳೆಯ ಮಿತಿ. ಜೋಳಕ್ಕೆ ಸತು ಬೇಕೇಬೇಕು ಎಂಬುದನ್ನು ಫ್ರಾನ್ಸಿನ ಮಾಜೆ 1915ರಷ್ಟು ಹಿಂದೆಯೇ ತೋರಿಸಿದ್ದನು. ನಮ್ಮ ದೇಶದಲ್ಲಿ ಭತ್ತದ ಖೈರಾ ಎಂಬ ಕಾಯಿಲೆಯ ಮೂಲ ಸತುವಿನ ಕೊರತೆಯೆಂದು ಪಂತನಗರದಲ್ಲಿ ವೈ.ಎಲ್. ನೆನೆ 1966ರಲ್ಲಿ ಪ್ರಕಟಿಸಿದರು. ತಿಳಿವಳಿಕೆ ಹೊಸದಲ್ಲ, ಹೊಲಕ್ಕೆ ಬರುವಷ್ಟರಲ್ಲಿ ಮುದಿಯಾಗಿದೆ.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಮಣ್ಣು ಒಂದೇ ಬಗೆಯದಲ್ಲ. ಮೇಲ್ಭಾಗದ ಕೆಂಪು ಮರಳು ಮಿಶ್ರಿತ ಹೊಲಗಳಲ್ಲಿ ಸಾವಯವ ಅಂಶ ಕಡಿಮೆ. ನೀರಿನೊಡನೆ ಬೋರಾನೂ ನೈಟ್ರೇಟೂ ಇಳಿದುಹೋಗುತ್ತವೆ. ಸುಣ್ಣದ ಹರಳುಗಳಿರುವ ಎರೆಭೂಮಿಯಲ್ಲಿ ಸತು ಇದ್ದೂ ಇಲ್ಲದಂತೆ, ಕರಗದ ರೂಪದಲ್ಲಿ ಕಟ್ಟಿಬೀಳುತ್ತದೆ. ನಾಲೆಯ ಕೆಳಗೆ ವರ್ಷಗಟ್ಟಲೆ ನೀರು ನಿಂತ ಭತ್ತದ ಗದ್ದೆಯಲ್ಲಿ ಮತ್ತೊಂದು ಕಾರಣಕ್ಕೆ ಸತು ದೊರೆಯದಾಗುತ್ತದೆ. ಆದ್ದರಿಂದ ಒಂದು ಊರಿಗೆ ಒಂದು ಚೀಟಿ ಬರೆದು ಕೊಡುವ ವೈದ್ಯ ಇಲ್ಲಿ ಸಲ್ಲುವುದಿಲ್ಲ.

ನಮ್ಮ ರಾಜ್ಯ ಈ ವಿಷಯದಲ್ಲಿ ನಿದ್ದೆ ಮಾಡಿತ್ತೆಂದು ಹೇಳಿದರೆ ಅನ್ಯಾಯವಾದೀತು. 2009ರಲ್ಲಿ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಆರಂಭವಾದ ಭೂಚೇತನ ಯೋಜನೆ ಆರು ಜಿಲ್ಲೆಗಳಿಂದ ಹೊರಟು ಕೆಲವೇ ವರ್ಷಗಳಲ್ಲಿ ಇಡೀ ರಾಜ್ಯಕ್ಕೆ ಹಬ್ಬಿತು. ಹತ್ತಾರು ಸಾವಿರ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ಕಂಡಿತು. ಜಿಂಕ್ ಸಲ್ಫೇಟ್, ಬೋರಾಕ್ಸ್, ಜಿಪ್ಸಂಗಳನ್ನು ಅರ್ಧ ಬೆಲೆಗೆ ರೈತ ಸಂಪರ್ಕ ಕೇಂದ್ರಗಳಲ್ಲಿ ಕೊಟ್ಟರು, ಊರೂರಿಗೆ ರೈತ ಅನುವುಗಾರರನ್ನು ನೇಮಿಸಿದರು. ಇಳುವರಿ ಏರಿತು. ಅದಕ್ಕೆ ನಾವು ಕೃತಜ್ಞರಾಗಿರೋಣ. ಆದರೆ ಆ ಯೋಜನೆ ಮುಂದಿಟ್ಟುಕೊಂಡ ಗುರಿ ಇಳುವರಿಯನ್ನು ಶೇಕಡಾ 20ರಷ್ಟು ಹೆಚ್ಚಿಸುವುದಾಗಿತ್ತು. ಯೂರಿಯಾವನ್ನು ಎಷ್ಟು ಇಳಿಸಬೇಕೆಂಬ ಗುರಿ ಇರಲಿಲ್ಲ. ನಮ್ಮ ತಕರಾರು ಇಲ್ಲಿದೆ. ಲಘು ಪೋಷಕಾಂಶ ಹಾಕಿ ಸಾರಜನಕದ ಬಳಕೆಯ ಸಾಮರ್ಥ್ಯ ಹೆಚ್ಚಿತೆಂದರೆ ಅದರ ಲಾಭವನ್ನು ಎರಡು ರೀತಿಯಲ್ಲಿ ತೆಗೆದುಕೊಳ್ಳಬಹುದು: ಅಷ್ಟೇ ಯೂರಿಯಾಕ್ಕೆ ಹೆಚ್ಚು ಜೋಳ, ಇಲ್ಲವೇ ಅಷ್ಟೇ ಜೋಳಕ್ಕೆ ಕಡಿಮೆ ಯೂರಿಯಾ. ಮೊದಲನೆಯದರಲ್ಲಿ ಸೋರಿಕೆ ಒಂದಿಷ್ಟು ತಗ್ಗೀತು. ಆದರೆ ಹೆಚ್ಚಿದ ಇಳುವರಿಯ ಹುರುಪಿನಲ್ಲಿ ಇನ್ನೊಂದು ಮೂಟೆ ಸೇರಿದರೆ ಆ ಲಾಭವೂ ಹೊಳೆಯ ಪಾಲು. ಸತು, ಬೋರಾನುಗಳನ್ನು ಹಾಕುವ ಪ್ರತಿ ಹೊಲದಲ್ಲಿ ಯೂರಿಯಾ ಇಳಿಯಲೇಬೇಕು ಎಂಬುದು ನಮ್ಮ ವಾದ. ಇಳಿಯದಿದ್ದರೆ ನಾವು ಮಾಡಿದ್ದು ರೈತನ ಸಾಲದ ಪಟ್ಟಿಗೆ ಮತ್ತೊಂದು ಸಾಮಾನು ಸೇರಿಸಿದ್ದು ಅಷ್ಟೇ.

ಇಳಿಯದಿರಲು ಬೆಲೆಯೇ ಮುಖ್ಯ ಕಾರಣ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಪೋಷಕಾಂಶ ಆಧಾರಿತ ಸಹಾಯಧನವನ್ನು ತಂದಾಗ ಯೂರಿಯಾವನ್ನು ಅದರ ಹೊರಗಿಟ್ಟಿತು. ರಂಜಕ, ಪೊಟ್ಯಾಷ್‌ಗಳ ಬೆಲೆ ಏರಿತು, ಯೂರಿಯಾದ್ದು ನಿಂತಲ್ಲೇ ನಿಂತಿತು. 45 ಕಿಲೋ ಮೂಟೆಗೆ ಸುಮಾರು 266 ರೂಪಾಯಿ. ಡಿಎಪಿ 50 ಕಿಲೋ ಮೂಟೆಗೆ 1350. ಅಗ್ಗದ್ದನ್ನು ಹೆಚ್ಚು ಬಳಸುವವನು ದಡ್ಡನಲ್ಲ. ಜನ ಗೊಬ್ಬರವನ್ನು ಕಿಲೋದಲ್ಲಲ್ಲ, ಮೂಟೆಯಲ್ಲಿ ಎಣಿಸುತ್ತಾರೆ ಎಂಬುದನ್ನು ಸರಕಾರವೂ ಬಲ್ಲದು; 50 ಕಿಲೋ ಇದ್ದ ಮೂಟೆಯನ್ನು 2018ರಲ್ಲಿ 45ಕ್ಕೆ ಇಳಿಸಿದ್ದು ಅದಕ್ಕಾಗಿಯೇ. (ಮೂಟೆ ಚಿಕ್ಕದಾದ ಮೇಲೆ ಎಣಿಕೆ ಒಂದು ಹೆಚ್ಚಾದ ಊರುಗಳೂ ಇವೆ.) ರಾಸಾಯನಿಕ ಗೊಬ್ಬರ ಇಳಿಸಿದ ರಾಜ್ಯಗಳಿಗೆ ಉಳಿದ ಸಹಾಯಧನದ ಅರ್ಧವನ್ನು ಕೊಡುವ ಪಿಎಂ ಪ್ರಣಾಮ್ ಯೋಜನೆಗೆ 2023ರಲ್ಲಿ ಒಪ್ಪಿಗೆ ದೊರೆಯಿತು. ಹಣ ರಾಜ್ಯಕ್ಕೆ ಬರುತ್ತದೆ. ಮೂಟೆ ಇಳಿಸಿದ ರೈತನಿಗೆ ಏನು ಬರುತ್ತದೆ?

ಇನ್ನು ಬಾಟಲಿಗಳ ಮಾತು. ಲಘು ಪೋಷಕಾಂಶ ಎಂಬ ಹೆಸರು ಪ್ರಚಾರಕ್ಕೆ ಬಂದ ಕೂಡಲೇ ಗೊಬ್ಬರದಂಗಡಿಗಳಲ್ಲಿ ಬಣ್ಣಬಣ್ಣದ ಬಾಟಲಿಗಳು ಸಾಲುಗಟ್ಟಿದವು. ಹತ್ತು ಪೋಷಕಾಂಶಗಳ ಮಿಶ್ರಣ, ಟಾನಿಕ್, ಬೂಸ್ಟರ್. ಹೊಲದಲ್ಲಿ ಕೊರತೆಯಿರುವುದು ಒಂದರದ್ದೋ ಎರಡರದ್ದೋ. ಉಳಿದ ಎಂಟಕ್ಕೆ ಕೊಟ್ಟ ಹಣ ದಂಡ. ಕೊರತೆಯಿಲ್ಲದ ಹೊಲದಲ್ಲಿ ಸತು ಹಾಕಿದರೆ ಸಾರಜನಕದ ಬಳಕೆ ಒಂದು ಗುಲಗಂಜಿಯಷ್ಟೂ ಸುಧಾರಿಸುವುದಿಲ್ಲ. ಬೋರಾನಿನಲ್ಲಂತೂ ಸಾಕು ಮತ್ತು ವಿಷಗಳ ನಡುವಣ ಅಂತರ ಬಹಳ ಕಿರಿದು. ಎಕರೆಗೆ ಎರಡು ಕಿಲೋ ಬೋರಾಕ್ಸ್ ಮೀರುವವನು ಎಲೆಯಂಚು ಸುಡುವುದನ್ನು ನೋಡಬೇಕಾದೀತು. ಜಿಂಕ್ ಸಲ್ಫೇಟ್ ನಮ್ಮ ರಾಜ್ಯದ ಶಿಫಾರಸುಗಳಲ್ಲಿ ಎಕರೆಗೆ ನಾಲ್ಕರಿಂದ ಹತ್ತು ಕಿಲೋ. ನಾಲ್ಕು ಕಿಲೋದಲ್ಲಿಯೇ 800 ಗ್ರಾಮಿಗೆ ಮೀರಿದ ಸತು ಇದೆ. ಕಾಳು ಒಯ್ಯುವುದು ಅರವತ್ತು ಗ್ರಾಂ ಎಂದ ಮೇಲೆ ವರ್ಷ ವರ್ಷವೂ ಹಾಕುವ ಅಗತ್ಯವಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಡಿಎಪಿಯೊಡನೆ ಬೆರೆಸಿ ಹಾಕಬಾರದು, ಎರಡೂ ಸೇರಿ ಕರಗದ ವಸ್ತುವಾಗುತ್ತವೆ. ಪುಡಿಗೊಬ್ಬರದಲ್ಲಿ, ಅಂದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ, ಕಲಸಿ ಬಿತ್ತನೆಗೆ ಮುನ್ನ ಮಣ್ಣಿಗೆ ಸೇರಿಸಬೇಕು.

ಕೊಟ್ಟಿಗೆ ಗೊಬ್ಬರದ ಹೆಸರು ಬಂದಿತು, ಅದರ ಲೆಕ್ಕವನ್ನೂ ಹೇಳಿಬಿಡಬೇಕು. ಒಂದು ಟನ್ ಗೊಬ್ಬರದಲ್ಲಿ ಕೆಲವು ಹತ್ತು ಗ್ರಾಂ ಸತು ಇರುತ್ತದೆ. ಎಕರೆಗೆ ಎರಡು ಮೂರು ಟನ್ ಹಾಕುತ್ತಿದ್ದ ಕಾಲದಲ್ಲಿ ಕಾಳು ಒಯ್ದ ಸತುವನ್ನು ತಿಪ್ಪೆ ಮರಳಿಸುತ್ತಿತ್ತು, ಯಾರಿಗೂ ಅದರ ಹೆಸರು ತಿಳಿಯಬೇಕಾಗಿರಲಿಲ್ಲ. ಕೊಟ್ಟಿಗೆ ಬರಿದಾಯಿತು, ಹೈಬ್ರಿಡ್ ಬಂದಿತು, ಇಳುವರಿ ಎರಡು ಮೂರು ಪಟ್ಟಾಯಿತು, ಜೋಳ ಲಾರಿ ಹತ್ತಿ ಕೋಳಿಫಾರಂಗೆ ಹೋಯಿತು. ಅದರೊಡನೆ ಹೋದ ಸತು ಹಿಂದಿರುಗಲಿಲ್ಲ. ಹಾಗೆಂದು ಬರಿದಾದ ಮಣ್ಣಿಗೆ ಗೊಬ್ಬರವೊಂದೇ ಸಾಕು, ಸಲ್ಫೇಟ್ ಮುಟ್ಟಲೇಬೇಡಿ ಎನ್ನುವ ನಮ್ಮ ಕೆಲವು ಗೆಳೆಯರ ಹಠವನ್ನು ಒಪ್ಪಲು ಆಗುವುದಿಲ್ಲ. ಮಣ್ಣಿನಲ್ಲಿಯೇ ಇಲ್ಲದ ಸತು ಆ ಮಣ್ಣಿನ ಮೇವಿನಲ್ಲಿ ಇರದು, ಆ ಮೇವು ತಿಂದ ಹಸುವಿನ ಸಗಣಿಯಲ್ಲಿಯೂ ಇರದು. ಒಮ್ಮೆ ಹೊರಗಿನಿಂದ ತಂದು ತುಂಬಿ, ಆಮೇಲೆ ತಿಪ್ಪೆಯಿಂದ ಉಳಿಸಿಕೊಳ್ಳುವುದು ವಿವೇಕ.

ಬೆಟ್ಟದ ಓದುಗರು ಬಯಲಿನ ಪ್ರಮಾಣವನ್ನು ಹಾಗೆಯೇ ನಕಲು ಮಾಡಬಾರದು. ಮಳೆ ಹೆಚ್ಚಿರುವ ನಮ್ಮ ಹುಳಿ ಮಣ್ಣಿನಲ್ಲಿ ಸತು ಕರಗಿ ದೊರೆಯುವುದು ಬಯಲಿನ ಸುಣ್ಣದ ಮಣ್ಣಿಗಿಂತ ಸುಲಭ; ಮಾಲಿಬ್ಡಿನಮ್ ಮಾತ್ರ ಸಿಗದೆ ಹೋಗುತ್ತದೆ, ಬೋರಾನ್ ತೊಳೆದುಹೋಗುತ್ತದೆ. ಇಲ್ಲಿ ಸಾರಜನಕದ ದಾರಿಯನ್ನು ಬಿಡಿಸುವುದು ಬಹಳ ಸಲ ಒಂದಿಷ್ಟು ಸುಣ್ಣ. ಯೂರಿಯಾ ಮಣ್ಣನ್ನು ಮತ್ತಷ್ಟು ಹುಳಿ ಮಾಡುವುದರಿಂದ ಇಳಿಜಾರಿನ ಜೋಳದ ಹೊಲದಲ್ಲಿ ಅದನ್ನು ಎರಚುವವರು ಎರಡು ಸಲ ಯೋಚಿಸಬೇಕು.

2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಅನೇಕರ ಮನೆಯಲ್ಲಿದೆ. ಹನ್ನೆರಡು ಅಂಶಗಳು ಅದರಲ್ಲಿರುತ್ತವೆ, ಸತುವೂ ಬೋರಾನೂ ಸೇರಿ. ಸತು 0.6 ಪಿಪಿಎಂ, ಬೋರಾನ್ 0.5 ಪಿಪಿಎಂಗಿಂತ ಕೆಳಗಿದ್ದರೆ ಕೊರತೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆದರೆ ಮೊದಲ ಸುತ್ತುಗಳಲ್ಲಿ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆದದ್ದು. ಒಂದೆರಡು ಎಕರೆಯವನ ಕೈಯಲ್ಲಿರುವ ಚೀಟಿ ಬಹುಶಃ ನೆರೆಯವನ ಹೊಲದ ಮಣ್ಣಿನದು! ನಮ್ಮ ಹೊಲದ ಮಣ್ಣನ್ನು ನಾವೇ ತೆಗೆದು ಪರೀಕ್ಷೆಗೆ ಕೊಡುವುದು ಒಳ್ಳೆಯದು. ನಂಜನಗೂಡಿನ ಕಡೆಯವರಿಗೆ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ಹತ್ತಿರವಿದೆ.

ಚೀಟಿಯ ಜೊತೆಗೆ ಹೊಲವನ್ನೂ ಕೇಳಬೇಕು. ಶಾಲಾ ಕಾಲೇಜುಗಳ ಪರಿಸರ ಸಂಘಗಳಿಗೆ ನಮ್ಮದೊಂದು ಸಲಹೆ. ಒಪ್ಪುವ ರೈತನೊಬ್ಬನ ಒಂದು ಎಕರೆಯನ್ನು ಹತ್ತು ಹತ್ತು ಗುಂಟೆಯ ನಾಲ್ಕು ಪಟ್ಟಿ ಮಾಡಿ. ಮೊದಲ ಪಟ್ಟಿಯಲ್ಲಿ ಅವನ ವಾಡಿಕೆಯ ಗೊಬ್ಬರ. ಎರಡನೆಯದರಲ್ಲಿ ಅದರ ಜೊತೆಗೆ ಒಂದು ಕಿಲೋ ಜಿಂಕ್ ಸಲ್ಫೇಟ್, ಅರ್ಧ ಕಿಲೋ ಬೋರಾಕ್ಸ್. ಮೂರನೆಯದರಲ್ಲಿ ಸತು, ಬೋರಾನ್ ಇಲ್ಲ, ಮೇಲುಗೊಬ್ಬರದ ಯೂರಿಯಾದಲ್ಲಿ ಕಾಲು ಭಾಗ ಕಡಿತ. ನಾಲ್ಕನೆಯದರಲ್ಲಿ ಅದೇ ಕಡಿತ, ಸತುವೂ ಬೋರಾನೂ ಉಂಟು. ಉಳಿದದ್ದೆಲ್ಲ ಒಂದೇ ತಳಿ, ಒಂದೇ ದಿನದ ಬಿತ್ತನೆ, ಒಂದೇ ಕಳೆ. ಯೂರಿಯಾವನ್ನು ಮಂಡಿಯುದ್ದ ಬೆಳೆದಾಗ ಒಮ್ಮೆ, ಗಂಡು ಹೂ ಇಣುಕುವ ಮೊದಲು ಒಮ್ಮೆ, ಸಾಲಿನ ಬದಿಗೆ ಹಾಕಿ ಮಣ್ಣು ಮುಚ್ಚಬೇಕು. ಮೇಲೆ ಎರಚಿ ಬಿಟ್ಟರೆ ಗಾಳಿಗೆ ಹೋದದ್ದು ಎಷ್ಟೆಂದು ಯಾರೂ ಹೇಳಲಾರರು. ಕಟಾವಿನಲ್ಲಿ ನಾಲ್ಕನ್ನೂ ಬೇರೆ ಬೇರೆ ತೂಗಿ. ನಾಲ್ಕನೆಯ ಪಟ್ಟಿ ಮೊದಲನೆಯದಕ್ಕೆ ಸಮನಾಗಿ ನಿಂತು ಮೂರನೆಯದು ಕೆಳಗಿಳಿದರೆ, ಆ ಹೊಲದಲ್ಲಿ ಸತು, ಬೋರಾನುಗಳು ಯೂರಿಯಾದ ಕಾಲು ಭಾಗವನ್ನು ಉಳಿಸಿಕೊಟ್ಟಿವೆ ಎಂದರ್ಥ. ಮೂರನೆಯದೂ ಮೊದಲನೆಯದಕ್ಕೆ ಸಮನಾದರೆ ಸುದ್ದಿ ಇನ್ನೂ ಒಳ್ಳೆಯದು: ಆ ರೈತ ಇಷ್ಟು ವರ್ಷ ಕಾಲು ಭಾಗವನ್ನು ಸುಮ್ಮನೆ ಚೆಲ್ಲಿದ್ದಾನೆ. ಒಂದು ಹೊಲದ ಒಂದು ಮಳೆಗಾಲವನ್ನು ನೆಚ್ಚಿ ತೀರ್ಪು ಕೊಡಬಾರದು. ಐದಾರು ಹೊಲ, ಎರಡು ಮುಂಗಾರು ಬೇಕು.

ಈ ಪ್ರಯೋಗಕ್ಕೆ ಹೊರಡುವವರು ಬೇಸಿಗೆಯಲ್ಲಿಯೇ ಮಣ್ಣು ತೆಗೆಯಬೇಕು, ಗೊಬ್ಬರ ಬೀಳುವ ಮುನ್ನ. ಬದು, ತಿಪ್ಪೆಯ ಜಾಗ, ಮರದ ನೆರಳು ಬಿಟ್ಟು ಹತ್ತು ಹದಿನೈದು ಕಡೆ ಗೇಣುದ್ದದ ಗುಂಡಿ ತೋಡಿ, ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಕೆರೆದು, ಬೆರೆಸಿ, ಅರ್ಧ ಕಿಲೋ ನೆರಳಿನಲ್ಲಿ ಒಣಗಿಸಿ. ತಗಡಿನ ಬಕೆಟ್ ಬೇಡ, ಅದರ ಮೈಗೆ ಸವರಿರುವುದೇ ಸತು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ, ಬಟ್ಟೆಯ ಚೀಲದಲ್ಲಿ ಹೊಲದ ಸರ್ವೆ ನಂಬರ್ ಬರೆದ ಚೀಟಿ ಇಟ್ಟು ಕಳುಹಿಸಿ.